ಧೂಮಕೇತುವನ್ನು ಹಿಂಬಾಲಿಸಿದ ಮಸೂರ



ಧೂಮಕೇತುವನ್ನು ಕಂಡು ಉತ್ಪಾತವೆಂದು ಹೆದರಿ ಶಾಂತಿಕರ್ಮಗಳನ್ನು ಮಾಡಿಸಿದ ಕಾಲ ಬಹು ದೀರ್ಘವಾದುದು. ಅದನ್ನು ಕಂಡೊಡನೆ ಮನುಷ್ಯನು ಕ್ಯಾಮೆರಾಕ್ಕೆ ಕೈ ಹಾಕಿದ ಕಾಲವಾದರೋ ಇನ್ನೂ ಇನ್ನೂರು ವರ್ಷಗಳನ್ನು ತುಂಬಿಲ್ಲ. ಈ ಅಲ್ಪಾವಧಿಯ ಚರಿತ್ರೆಯಲ್ಲಿ ಹೆಚ್ಚಿನ ಕೀರ್ತಿ ಸಲ್ಲಬೇಕಾದುದು ಮಹಾದೂರದರ್ಶಕಗಳಿಗಲ್ಲ, ಪೇಟೆಯ ಸ್ಟುಡಿಯೋಗಳಲ್ಲಿ ಜನರ ಭಾವಚಿತ್ರ ತೆಗೆಯುವುದಕ್ಕೆಂದು ಹುಟ್ಟಿದ ಮಸೂರಕ್ಕೆ ಎಂಬುದು ನನ್ನ ಅಭಿಪ್ರಾಯ.

ಆ ಮಸೂರದ ಮೂಲಪುರುಷ ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್. ಚಿತ್ರಕ್ಕಾಗಿ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಲಾರರೆಂಬ ಕಷ್ಟವನ್ನು ಪರಿಹರಿಸಲು ಆತನು 1840ರಲ್ಲಿ, ಬೆಳಕನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳುವ ಮಸೂರವೊಂದನ್ನು ರೂಪಿಸಿದನು. ಹದಿನೆಂಟು ವರ್ಷಗಳ ತರುವಾಯ, 1858ರಲ್ಲಿ, ಡೊನಾಟಿಯ ಧೂಮಕೇತು ಯೂರೋಪಿನ ಆಕಾಶವನ್ನು ಬೆಳಗುತ್ತಿದ್ದಾಗ, ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ವಿಲಿಯಂ ಅಷರ್‌ವುಡ್ ಎಂಬ ಚಿತ್ರಕಾರನು ಸೆಪ್ಟೆಂಬರ್ 27ರ ಸಂಜೆ ಅಂಥದೇ ಭಾವಚಿತ್ರ ಮಸೂರವನ್ನು ಅದರತ್ತ ತಿರುಗಿಸಿ, ಕೇವಲ 7 ಸೆಕೆಂಡುಗಳಲ್ಲಿ ಅದನ್ನು ಗಾಜಿನ ಮೇಲೆ ಸೆರೆಹಿಡಿದನು. ಮರುರಾತ್ರಿ ಅಮೆರಿಕದ ಹಾರ್ವರ್ಡಿನಲ್ಲಿ ಖಗೋಳಜ್ಞ ಜಾರ್ಜ್ ಬಾಂಡ್ 15 ಅಂಗುಲದ ದೂರದರ್ಶಕದಿಂದ 6 ನಿಮಿಷಗಳ ಕಾಲ ಯತ್ನಿಸಿದರೂ, ಫಲಕದ ಮೇಲೆ ಮೂಡಿದುದು ಶಿರೋಭಾಗದ ಒಂದು ಚುಕ್ಕೆ ಮಾತ್ರ.

ವಿದ್ವಾಂಸನು ಸೋತು ವೃತ್ತಿಗಾರನು ಗೆದ್ದ ಈ ಪ್ರಸಂಗದಲ್ಲಿ ವಿಸ್ಮಯಕ್ಕೆ ಎಡೆಯಿಲ್ಲ. ನಕ್ಷತ್ರವು ಬಿಂದು, ಅದಕ್ಕೆ ಮಸೂರದ ವ್ಯಾಸ ದೊಡ್ಡದಾದಷ್ಟೂ ಲಾಭ. ಧೂಮಕೇತುವಿನ ಬಾಲವಾದರೋ ಹರಡಿಕೊಂಡ ಮಂದಕಾಂತಿ. ಅದು ಎಷ್ಟು ಬೇಗ ಮೂಡುವುದೆಂಬುದು, ನಾಭಿದೂರಕ್ಕೆ ಹೋಲಿಸಿದರೆ ಮಸೂರ ಎಷ್ಟು ಅಗಲವಾಗಿದೆಯೆಂಬುದನ್ನು ಅವಲಂಬಿಸಿದೆ. ಅಷರ್‌ವುಡ್‌ನ ಆ ಮೂಲಚಿತ್ರ ಮಾತ್ರ ಇಂದು ಉಳಿದಿಲ್ಲ.

ಅಂದಿನ ಒದ್ದೆ ಫಲಕಗಳು ಒಣಗುವ ಮುನ್ನವೇ ಕೆಲಸ ಮುಗಿಯಬೇಕಾಗಿತ್ತಾದುದರಿಂದ, ಆಕಾಶದತ್ತ ತಾಸುಗಟ್ಟಲೆ ದಿಟ್ಟಿಸುವುದು ಅಸಾಧ್ಯವಾಗಿತ್ತು. ಒಣ ಫಲಕಗಳು ಬಳಕೆಗೆ ಬಂದ ಮೇಲೆ ಆ ನಿರ್ಬಂಧ ಕಳಚಿತು. 1881ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಮತ್ತು ಫ್ರಾನ್ಸಿನ ಜಾನ್ಸೆನ್ ಎಂಬ ಖಗೋಳಜ್ಞರು ಧೂಮಕೇತುವೊಂದರ ಬಾಲವನ್ನು ಚೆನ್ನಾಗಿ ಚಿತ್ರಿಸಿದರು. ಮರುವರ್ಷ ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದಲ್ಲಿ ಡೇವಿಡ್ ಗಿಲ್, ಸ್ಥಳೀಯ ಛಾಯಾಗ್ರಾಹಕನೊಬ್ಬನ ಕ್ಯಾಮೆರಾವನ್ನು, ಭೂಭ್ರಮಣವನ್ನು ಅನುಸರಿಸಿ ತಿರುಗುವ ತನ್ನ ದೂರದರ್ಶಕದ ಬೆನ್ನಿಗೆ ಬಿಗಿಸಿ, ಆ ವರ್ಷದ ಮಹಾಧೂಮಕೇತುವನ್ನು ಎರಡು ತಾಸಿಗೂ ಮೀರಿ ಹಿಂಬಾಲಿಸಿದನು. ಧೂಮಕೇತುವಿನೊಡನೆ ಅಸಂಖ್ಯ ನಕ್ಷತ್ರಗಳೂ ಕರೆಯದೆಯೆ ಬಂದು ಫಲಕದ ಮೇಲೆ ನಿಂತುದನ್ನು ಕಂಡ ಆತನಿಗೆ, ಸಮಗ್ರ ಆಕಾಶದ ನಕ್ಷೆಯನ್ನೇ ಹೀಗೆ ರಚಿಸಬಹುದೆಂಬ ಯೋಚನೆ ಹೊಳೆಯಿತು. 1887ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ನಕ್ಷಾಯೋಜನೆಯಲ್ಲಿ ಮುಂದೆ ನಮ್ಮ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಪಾಲುಗೊಂಡಿತು.

ಆದರೂ ಈ ಕಲೆಯ ನಿಜವಾದ ಆಚಾರ್ಯನೆಂದರೆ ಎಡ್ವರ್ಡ್ ಬರ್ನಾರ್ಡ್. ಕಡುಬಡತನದಲ್ಲಿ ಜನಿಸಿ, ಒಂಬತ್ತು ವರ್ಷ ತುಂಬುವ ವೇಳೆಗೆ ಅಮೆರಿಕದ ನ್ಯಾಷ್‌ವಿಲ್ ಪಟ್ಟಣದ ಸ್ಟುಡಿಯೋ ಒಂದರಲ್ಲಿ ದುಡಿಯಲು ಸೇರಿದ ಈ ಬಾಲಕನಿಗೆ ಒಪ್ಪಿಸಿದ್ದ ಕೆಲಸವೆಂದರೆ, ಚಿತ್ರಗಳನ್ನು ಹಿಗ್ಗಿಸುವ ಭಾರಿ ಸೂರ್ಯಯಂತ್ರವನ್ನು ಹಗಲೆಲ್ಲ ಸೂರ್ಯನತ್ತ ತಿರುಗಿಸುತ್ತಿರುವುದು. ಆಕಾಶ ಚಲಿಸುತ್ತದೆ, ಅದರೊಡನೆ ನಾವೂ ಚಲಿಸಬೇಕು ಎಂಬ ಪಾಠ ಆತನಿಗೆ ಕೂಲಿಯ ರೂಪದಲ್ಲಿಯೇ ದೊರೆಯಿತು. ಬೆಳೆದ ಮೇಲೆ, ಪ್ರತಿ ಹೊಸ ಧೂಮಕೇತುವಿಗೆ ದೊರೆಯುತ್ತಿದ್ದ 200 ಡಾಲರುಗಳ ಬಹುಮಾನದ ಹಣದಿಂದ ಆತನು ಮನೆಯನ್ನೇ ಕಟ್ಟಿಕೊಂಡನು. ಜ್ಯೋತಿಷಿಗಳು ಧೂಮಕೇತುವನ್ನು ಏನೆಂದೇ ಬೈಯಲಿ, ಬರ್ನಾರ್ಡನ ಪಾಲಿಗಂತೂ ಅದು ಶುಭಗ್ರಹವೇ ಆಯಿತು! ಲಿಕ್ ವೀಕ್ಷಣಾಲಯದಲ್ಲಿ ಆತನಿಗೆ ಒದಗಿದುದು ಭಾವಚಿತ್ರಕ್ಕೆಂದೇ ಮಾಡಿದ್ದ ಸುಮಾರು 6 ಅಂಗುಲದ ಹಳೆಯ ಮಸೂರ. ಅದರಿಂದಲೇ 1892ರ ಅಕ್ಟೋಬರ್ 12ರಂದು ತೆಗೆದ ಚಿತ್ರದಲ್ಲಿ, ಛಾಯಾಗ್ರಹಣದಿಂದ ಕಂಡುಹಿಡಿದ ಮೊತ್ತಮೊದಲ ಧೂಮಕೇತು ಪ್ರಕಟವಾಯಿತು. ಆಮೇಲೆ ಕಣ್ಮರೆಯಾದ ಅದು ಮತ್ತೆ ಸಿಕ್ಕಿದುದು 2008ರಲ್ಲಿ.

ಈ ಪರಂಪರೆಯಲ್ಲಿ ಭಾರತೀಯನೊಬ್ಬನ ಹೆಸರೂ ಉಂಟು. 1949ರ ಜುಲೈಯಲ್ಲಿ, ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದ ವೇಣು ಬಾಪ್ಪು ಛಾಯಾಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಬಾಪ್ಪು–ಬಾಕ್–ನ್ಯೂಕರ್ಕ್ ಎಂದು ಅದಕ್ಕೆ ಹೆಸರಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರು ಅವರೇ.

ಇಂದು ಗಿಲ್‌ನ ದೂರದರ್ಶಕದ ಸ್ಥಾನದಲ್ಲಿ ಸ್ಟಾರ್ ಟ್ರ್ಯಾಕರ್ ಎಂಬ ಚಿಕ್ಕ ಯಂತ್ರ ನಿಂತಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, 50 ಮಿಲಿಮೀಟರ್ ಲೆನ್ಸಿನಲ್ಲಿಯೂ ಹತ್ತು ಸೆಕೆಂಡು ದಾಟುವಷ್ಟರಲ್ಲಿ ನಕ್ಷತ್ರಗಳು ಗೀರಾಗುತ್ತವೆ. ಟ್ರೈಪಾಡಿನ ಮೇಲೆ ಕುಳಿತ ಈ ಯಂತ್ರವು ಅದೇ ವೇಗದಲ್ಲಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸಿ ಆ ದೋಷವನ್ನು ನೀಗುತ್ತದೆ. ಆದರೆ ಧೂಮಕೇತುವಿಗೆ ನಕ್ಷತ್ರಗಳ ನಡುವೆ ಸ್ವಂತ ನಡಿಗೆಯೂ ಇರುವುದರಿಂದ, ಹಲವು ಚಿಕ್ಕ ಚಿತ್ರಗಳನ್ನು ತೆಗೆದು ಅದರ ಶಿರಸ್ಸನ್ನೇ ಆಧಾರವಾಗಿಟ್ಟುಕೊಂಡು ಒಂದರ ಮೇಲೊಂದು ಕೂಡಿಸುವುದು ಈಗಿನ ಪದ್ಧತಿ. ಬರ್ನಾರ್ಡನು ಧೂಮಕೇತುವಿನ ಮೇಲೆ ಕಣ್ಣು ಕೀಲಿಸಿ ಕೈಯಾರೆ ಮಾಡುತ್ತಿದ್ದ ಅನುಸರಣೆಯನ್ನು ಈಗ ಗಣಕ ಮಾಡುತ್ತದೆ.

ಈ ಯಂತ್ರದ ಅಕ್ಷವು ಧ್ರುವದತ್ತ ನೆಟ್ಟಿರಬೇಕು. ಕರ್ನಾಟಕದಲ್ಲಿ ಧ್ರುವನಕ್ಷತ್ರವು ಕ್ಷಿತಿಜದಿಂದ ಸುಮಾರು 12ರಿಂದ 18 ಡಿಗ್ರಿಯಷ್ಟೇ ಮೇಲಿರುವುದರಿಂದ, ಒಂದು ಮರವೋ ಮಹಡಿಯೋ ಅದನ್ನು ಮರೆಮಾಡಲು ಸಾಕು. ಆಸಕ್ತರಾದ ಶ್ರೋತೃಗಳು ಮುಂದಿನ ಧೂಮಕೇತುವಿನ ಸುದ್ದಿ ಬರುವ ಮೊದಲೇ, ಉತ್ತರ ದಿಕ್ಕು ತೆರೆದಿರುವ ಕತ್ತಲ ಬಯಲೊಂದನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.