ಮೂರನೆಯ ಹಲ್ಲು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತಾಡಿ ಎಂದರು. ಸಾಫ್ಟ್‌ವೇರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ನಾನು ಹಲ್ಲಿನ ಬಗ್ಗೆ ಮಾತಾಡುತ್ತೇನೆ.

ನಮ್ಮ ಹತ್ತನೇ ತರಗತಿಯ ಗ್ರೂಪ್ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಬಾಯಿ ಬಿಗಿದುಕೊಂಡು ನಿಂತವನು ನಾನು. ನನ್ನ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಮೊಳೆಯ ತುದಿಯಂಥ ಮೂರನೆಯದೊಂದು ಹಲ್ಲಿತ್ತು. ಗೆಳೆಯರು ‘ಮೂರ್ಹಲ್ಲ’ ಎನ್ನುತ್ತಿದ್ದರು. ಉತ್ತರ ಗೊತ್ತಿದ್ದರೂ ನಾನು ಎದ್ದು ನಿಲ್ಲುತ್ತಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರು ಇದನ್ನು ಗಮನಿಸಿ, ಬಾಯಲ್ಲಿ ಹೇಳಿಸದೆ, ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತಿದ್ದರು. ನಾನು ಬಿ.ಇ. ಓದಿದ್ದು ಆ ಸೀಮೆಸುಣ್ಣದಿಂದ.

ಅಮ್ಮನ ಸಂಕಟ ಬೇರೆ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದಕ್ಕೇ ಹೀಗಾಯಿತು ಎಂದು ಯಾರೋ ಹೇಳಿದ್ದನ್ನು ಅವರು ವರ್ಷಗಟ್ಟಲೆ ನಂಬಿದ್ದರು. ಮಲ್ಲಂದೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಹಲ್ಲು ತೋರಿಸುವುದೆಂದರೆ ಅಪ್ಪನ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಯಾರೂ ತೋರಿಸಲಿಲ್ಲ.

ಕೆಲಸ ಸಿಕ್ಕ ಮೇಲೆ ಬೆಂಗಳೂರಿನಲ್ಲಿ ದಂತವೈದ್ಯರ ಹತ್ತಿರ ಹೋದೆ. ಇದಕ್ಕೆ ‘ಮೀಸಿಯೋಡೆನ್ಸ್’ ಎಂದು ಹೆಸರು, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ ಎಂದರು. ಎಕ್ಸ್-ರೇ ತೆಗೆದು ಹಲ್ಲು ಕಿತ್ತರು. ಸಂದು ಮುಚ್ಚಲು ಒಂದೂವರೆ ವರ್ಷ ತಂತಿ ಹಾಕಿದರು. ಚಿಕ್ಕಂದಿನಲ್ಲೇ ತೋರಿಸಿದ್ದರೆ ಸುಲಭವಾಗುತ್ತಿತ್ತು ಎಂದರು. ಊರಿಗೆ ಬಂದು, “ಅಮ್ಮ, ನಿನ್ನ ತಪ್ಪೇನೂ ಇಲ್ಲವಂತೆ” ಎಂದೆ. “ಡಾಕ್ಟ್ರೇ ಹೇಳಿದ್ರಾ?” ಎಂದು ಎರಡು ಸಲ ಕೇಳಿದರು.

ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ. ಕೆಲವದರಲ್ಲಿ ಒಂದೇ ಗುಂಡು ಬೀಜ ಇರುತ್ತದೆ. ಪೀಬೆರಿ ಎನ್ನುತ್ತೇವೆ, ಗಿಡವನ್ನು ಬೈಯುವುದಿಲ್ಲ. ದವಡೆಯೊಳಗೆ ಹಲ್ಲು ಮೊಳೆಯುವಾಗಲೂ ಇಂಥ ಏರುಪೇರು ಆಗುತ್ತದೆ. ಎರಡು ಹಲ್ಲು ಕೂಡಿ ಒಂದಾಗಬಹುದು. ಹಲ್ಲಿನ ಹಿಂಬದಿಯಲ್ಲಿ ಹದ್ದಿನ ಉಗುರಿನಂಥ ಕೋಡು ಮೂಡಬಹುದು. ಅದರೊಳಗೆ ನರ ಇರಬಹುದಾದ್ದರಿಂದ ಒಂದೇ ಸಲ ತೆಗೆಯದೆ, ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪವೇ ಸವೆಸುತ್ತಾರೆ. ಇನ್ನು ಕೆಲವರಲ್ಲಿ ಹಲ್ಲಿನ ಹೊರಪದರ ಒಳಕ್ಕೆ ಮಡಚಿಕೊಂಡು, ಹಲ್ಲಿನೊಳಗೊಂದು ಹಲ್ಲು ಇದ್ದಂತೆ ಎಕ್ಸ್-ರೇಯಲ್ಲಿ ಕಾಣುತ್ತದೆ. ಆ ಸಣ್ಣ ಕುಳಿಯನ್ನು ಬೇಗ ಮುಚ್ಚಿಸದಿದ್ದರೆ ಹುಳುಕು ಒಳಗೊಳಗೇ ನರ ಮುಟ್ಟಬಹುದು.

ತಂದೆತಾಯಂದಿರಲ್ಲಿ ಒಂದು ಮಾತು. ಮೇಲಿನ ನಡುವಿನ ಎರಡು ಶಾಶ್ವತ ಹಲ್ಲು 7-8 ವರ್ಷಕ್ಕೆ ಬರುತ್ತವೆ. ಒಂದು ಬಂದು ಆರು ತಿಂಗಳಾದರೂ ಜೊತೆಯದು ಬರದಿದ್ದರೆ ದಂತವೈದ್ಯರಿಗೆ ತೋರಿಸಿ. ಹೆಚ್ಚುವರಿ ಹಲ್ಲೊಂದು ಒಳಗೇ ಅಡ್ಡ ಕುಳಿತಿರಬಹುದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ವೈದ್ಯರ ತಂಡ ಶಾಲೆಗೇ ಬಂದಾಗ ಮಕ್ಕಳು ನಾಚದೆ ಬಾಯಿ ತೆರೆಯಲಿ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವವರಿದ್ದರೆ ಅವರಿಗೆ ಅಡ್ಡಹೆಸರು ಇಡಬೇಡಿ. ಇವತ್ತು ನಮ್ಮ ಬ್ಯಾಚಿನ ಗ್ರೂಪ್ ಫೋಟೋ ಮತ್ತೆ ತೆಗೆಯುತ್ತಾರಂತೆ. ಈ ಸಲ ನಾನು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ.