ಸೆರೆ ಬಿಡಿಸಿಕೊಂಡ ಪುಸ್ತಕ

(ಶ್ರೀರಾಂಪುರದಲ್ಲಿ ಮಾಡಿದ ಭಾಷಣದ ಬರಹ ರೂಪ)



ದಾಳಿಗೆ ಬಂದವರು ಜನರನ್ನು ಸೆರೆ ಒಯ್ಯುವುದು, ಬಂಧುಗಳು ಹಣ ತೆತ್ತು ಬಿಡಿಸಿಕೊಳ್ಳುವುದು ಮಧ್ಯಯುಗದಲ್ಲಿ ಹಲವು ಕಡೆ ಇದ್ದದ್ದೇ. ಪುಸ್ತಕವನ್ನೂ ಹೀಗೆ ಹಣ ಕೊಟ್ಟು ಬಿಡಿಸಿಕೊಂಡ ಜನ ಆರ್ಮೇನಿಯನ್ನರು. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಬೆಟ್ಟದ ನಾಡು ಅವರದು. ಅಲ್ಲಿನ ಅರಸ ತಿರಿದೇಟಿಸ್ ನಾಲ್ಕನೆಯ ಶತಮಾನದ ಆರಂಭದಲ್ಲೇ ಕ್ರೈಸ್ತ ಮತವನ್ನು ರಾಜ್ಯದ ಮತವನ್ನಾಗಿ ಮಾಡಿಕೊಂಡ. ಸಂಪ್ರದಾಯ ಹೇಳುವ ವರ್ಷ 301.

ಮತವೇನೋ ಬಂತು, ಭಾಷೆಗೆ ಅಕ್ಷರವಿರಲಿಲ್ಲ. ಚರ್ಚಿನಲ್ಲಿ ಗ್ರೀಕ್ ಅಥವಾ ಸಿರಿಯಾಕ್ ಭಾಷೆಯಲ್ಲಿ ಓದುತ್ತಿದ್ದರು. ದೇವಸ್ಥಾನದ ಮಂತ್ರ ನಮಗೆ ಎಷ್ಟು ತಿಳಿಯುತ್ತದೋ ಅವರಿಗೂ ಅಷ್ಟೇ ಎನ್ನಿ. ಸುಮಾರು 405ರಲ್ಲಿ ಮೆಸ್ರೋಪ್ ಮಶ್ತೋತ್ಸ್ ಎಂಬ ಸನ್ಯಾಸಿ 36 ಅಕ್ಷರಗಳ ಲಿಪಿ ರೂಪಿಸಿದರು. ಬೈಬಲ್ ಅನುವಾದವಾಯಿತು. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು 450 ಎಂಬುದನ್ನು ಇಲ್ಲಿ ನೆನೆಯಬಹುದು.

ಲಿಪಿ ಹುಟ್ಟಿ ಕಾಲು ಶತಮಾನ ತುಂಬುವ ಮೊದಲೇ, 428ರಲ್ಲಿ, ಅವರ ಅರಸೊತ್ತಿಗೆ ಮುಗಿಯಿತು. 451ರ ಕ್ಯಾಲ್ಸಿಡನ್ ಮಹಾಸಭೆಯ ತೀರ್ಮಾನವನ್ನು ಒಪ್ಪದ ಅವರ ಚರ್ಚು ಮುಂದೆ ರೋಮ್, ಕಾನ್‌ಸ್ಟಾಂಟಿನೋಪಲ್ ಎರಡರಿಂದಲೂ ಬೇರೆಯಾಯಿತು. ಪರ್ಷಿಯನ್ನರು, ಅರಬರು, ಬೈಜಾಂಟಿಯನ್ನರು, ಸೆಲ್ಜುಕ್ ತುರ್ಕರು, ಮಂಗೋಲರು ಒಬ್ಬರಾದ ಮೇಲೊಬ್ಬರು ಬಂದರು. ನಡುವೆ ಅನಿ ಪಟ್ಟಣದಲ್ಲಿ, ಆಮೇಲೆ ಸಿಲಿಸಿಯದಲ್ಲಿ ಅವರದೇ ರಾಜ್ಯಗಳು ತಲೆಯೆತ್ತಿದವು. 1375ಕ್ಕೆ ಕೊನೆಯದೂ ಬಿತ್ತು. ಮಠಗಳಲ್ಲಿ ಪ್ರತಿ ಮಾಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಬರೀ ಪ್ರಾರ್ಥನೆಯಲ್ಲ, ಇತಿಹಾಸ, ವೈದ್ಯ, ತತ್ವಶಾಸ್ತ್ರ ಎಲ್ಲವೂ. ಯುಸೀಬಿಯಸ್ ಬರೆದ ಕಾಲಚರಿತ್ರೆಯ ಗ್ರೀಕ್ ಮೂಲ ಕಳೆದುಹೋಗಿ, ಇಂದು ಹೆಚ್ಚುಕಡಿಮೆ ಇಡಿಯಾಗಿ ಸಿಗುವುದು ಆರ್ಮೇನಿಯನ್ ಅನುವಾದವೇ.

ಪ್ರತಿಯ ಕೊನೆಯಲ್ಲಿ ಲಿಪಿಕಾರ ಒಂದು ಟಿಪ್ಪಣಿ ಬರೆಯುತ್ತಿದ್ದ. ಅದಕ್ಕೆ 'ಹಿಷತಕರಾನ್', ಎಂದರೆ ನೆನಪಿನ ಬರಹ, ಎಂದು ಹೆಸರು. ಯಾರು ಬರೆಸಿದರು, ಯಾವ ವರ್ಷ, ಆಗ ಯಾರ ದಾಳಿ, ಎಂಥ ಬರ ಎಲ್ಲ ಅಲ್ಲಿರುತ್ತಿತ್ತು; ಓದುವವರು ತನ್ನನ್ನು ನೆನೆಯಲಿ ಎಂಬ ಬೇಡಿಕೆಯೂ. ಇತಿಹಾಸಕಾರರಿಗೆ ಇದೊಂದು ಗಣಿ. ಪುಸ್ತಕ ಬರೆಸುವುದು ಪುಣ್ಯದ ಕೆಲಸವೆಂಬ ನಂಬಿಕೆ ನಮಗೆ ಹೊಸದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆ ನಮ್ಮಲ್ಲೇ ಇದ್ದವಳು.

ಈಗ ಸೆರೆ ಬಿಡಿಸಿದ ಕಥೆ. 1200ರಿಂದ 1202ರವರೆಗೆ ಬರೆದ ಪ್ರವಚನ ಸಂಕಲನವೊಂದಿದೆ. ಹಾಳೆಗಳು ಕರುವಿನ ಚರ್ಮದವು, ತೂಕ ಸುಮಾರು 28 ಕಿಲೋ. ಅರ್ಧ ಚೀಲ ರಾಗಿಗಿಂತ ಹೆಚ್ಚು! ಬರೆದು ಮುಗಿಸುತ್ತಿದ್ದಂತೆ ಅದು ದಾಳಿಕಾರರ ಪಾಲಾಯಿತು. 1204ರಲ್ಲಿ ಮುಶ್ ಸೀಮೆಯ ಸನ್ಯಾಸಿಗಳೂ ಹಳ್ಳಿಗರೂ ದುಡ್ಡು ಕೂಡಿಸಿ 4,000 ಬೆಳ್ಳಿ ನಾಣ್ಯ ತೆತ್ತು ಬಿಡಿಸಿ ತಂದರು. ಏಳು ಶತಮಾನ ಅದು ಅಲ್ಲಿನ ಮಠದಲ್ಲಿತ್ತು. 1915ರಲ್ಲಿ ಒಟ್ಟೋಮನ್ ತುರ್ಕಿಯಲ್ಲಿ ಆರ್ಮೇನಿಯನ್ನರ ನರಮೇಧ ನಡೆದಾಗ, ತಪ್ಪಿಸಿಕೊಂಡು ಹೊರಟ ಇಬ್ಬರು ಹೆಂಗಸರು ಹಾಳು ಮಠದಲ್ಲಿ ಅದನ್ನು ಕಂಡರು. ಒಬ್ಬರಿಂದ ಹೊರಲಾಗದೆ ಎರಡು ಭಾಗ ಮಾಡಿದರು. ಒಂದು ಭಾಗ ಚರ್ಚಿನ ಕೇಂದ್ರವಾದ ಎಚ್ಮಿಯಾದ್ಜಿನ್ ಮುಟ್ಟಿತು. ದಾರಿಯಲ್ಲಿ ಹೂತಿಟ್ಟ ಇನ್ನೊಂದು ಆಮೇಲೆ ಸಿಕ್ಕಿತು. ಈಗ ಎರಡೂ ಯೆರೆವಾನಿನ ಮತೆನದರಾನ್ ಭಂಡಾರದಲ್ಲಿ ಒಂದಾಗಿವೆ.

ನಮಗೂ ಅವರಿಗೂ ನಂಟೇನು ಎಂದು ಕೇಳಬಹುದು. 1604ರಲ್ಲಿ ಪರ್ಷಿಯದ ಷಾ ಅಬ್ಬಾಸ್ ಜುಲ್ಫಾ ಪಟ್ಟಣದ ಆರ್ಮೇನಿಯನ್ನರನ್ನು ಎಬ್ಬಿಸಿ ಇಸ್ಫಹಾನಿನ ಬಳಿ ನೆಲೆಗೊಳಿಸಿದ. ಅಲ್ಲಿಂದ ಅವರ ವ್ಯಾಪಾರಿಗಳು ಸೂರತ್, ಮದರಾಸು, ಕಲ್ಕತ್ತಗಳಿಗೆ ಬಂದರು. ಚರ್ಚು, ಲಿಪಿ ಎರಡನ್ನೂ ಜೊತೆಗೆ ತಂದರು. ಚೆನ್ನೈಗೆ ಹೋದವರು ಪ್ಯಾರಿಸ್ ಕಾರ್ನರ್ ಬಳಿಯ ಅರ್ಮೇನಿಯನ್ ಬೀದಿ ನೋಡಿರಬಹುದು. ಅಲ್ಲಿ 1772ರಲ್ಲಿ ಮತ್ತೆ ಕಟ್ಟಿದ ಅವರ ಚರ್ಚು ಇದೆ. ಪತ್ರಿಕೆಯಲ್ಲಿ ದುಡಿಯುವ ನನಗೆ ಹೆಚ್ಚು ಹಿಡಿಸಿದ್ದು ಮದರಾಸಿನಲ್ಲಿ ಪಾದ್ರಿಯಾಗಿದ್ದ ಹರುತ್ಯುನ್ ಶ್ಮಾವೋನಿಯನ್ ಅವರ ಕೆಲಸ. 1794ರಲ್ಲಿ ಅವರು ಹೊರತಂದ ಮಾಸಿಕ 'ಅಜ್ದರಾರ್' ಲೋಕದಲ್ಲೇ ಆರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ. ಅದು 1796ಕ್ಕೆ ನಿಂತಿತು. ಸಂಪಾದಕರ ಸಮಾಧಿ ಆ ಚರ್ಚಿನ ಆವರಣದಲ್ಲೇ ಇದೆ.