ನಕಲಿಗಿಂತ ಮೊದಲು ಅಸಲಿ ಗೋಡೆ

ವೀಕ್ಷಕರೇ, 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಮಣ್ಣು ಮುಕ್ಕಿಸಿದ ಕಿತ್ತೂರಿನಲ್ಲಿ ಇವತ್ತು ಉಳಿದಿರೋದು ಅರಮನೆಯ ಪಾಳುಗೋಡೆ. ಅದರ ಪ್ರತಿರೂಪ ಕಟ್ತೀವಿ ಅಂತು ಸರ್ಕಾರ. 115 ಕೋಟಿ ರೂಪಾಯಿ. ಜಾಗ? ಬಚ್ಚನಕೇರಿ! 2022ರಲ್ಲಿ ಕಿತ್ತೂರಿನ ಜನ ಬೀದಿಗಿಳಿದರು: ‘ಅರಮನೆ ನಮ್ಮೂರಲ್ಲೇ ಆಗಬೇಕು.’

ಅವರ ಸಿಟ್ಟು ನ್ಯಾಯವಾದದ್ದೇ. ಜಾಗ ಗೊತ್ತು ಮಾಡೋ ಮೊದಲು ಊರನ್ನು ಕೇಳಬೇಕಲ್ವಾ?

ಆದರೆ ಕೋಟೆಗೆ ಅಂಟಿಸಿ ಕಾಂಕ್ರೀಟ್ ಅರಮನೆ ಎಬ್ಬಿಸಿದರೆ, ಮಕ್ಕಳು ನಕಲಿನ ಮುಂದೆ ಸೆಲ್ಫಿ ತಗೊಂಡು ಹೋಗ್ತಾರೆ. ಚೆನ್ನಮ್ಮ ಬಾಳಿದ ಗೋಡೆ ನೋಡೋರು ಯಾರು? ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ 200 ಮೀಟರ್ ಅನುಮತಿ ಕಡ್ಡಾಯ. ಆ ಶಿಸ್ತು ಕಿತ್ತೂರಲ್ಲೂ ಕಾಣಲಿ.

ಮೊದಲ ದುಡ್ಡು ಹಳೇ ಗೋಡೆಗೆ. ಹೊಸದು ಊರಲ್ಲೇ ಬರಲಿ, ಆದರೆ ಕೋಟೆಯ ಮುಂದೆ ತಲೆ ತಗ್ಗಿಸಿ ನಿಲ್ಲಲಿ ಅಂತೀನಿ ನಾನು.